ಪೆಟ್ರೋಲಿಗೆ ಬಿದ್ದ ಧೂಳ್ತ

ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡು ಕೆಲವು ತಿಂಗಳಾಗಿತ್ತು. ಹುಣಸೂರಿನ ಗೋವಿಂದಯ್ಯನ ಮನೆಯವರು ಆ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಆಕಳಿಸಿ ಸುಮ್ಮನಾಗಿದ್ದರು. ಕಿರಿಯ ಸೊಸೆ ಮಂಗಳಮ್ಮನಿಗೆ ಮಾತ್ರ, ಅಷ್ಟು ದೊಡ್ಡ ರಾಜ್ಯವೇ ಹೆಸರು ಬದಲಿಸಿಕೊಳ್ಳಬಹುದಾದರೆ ತಾನೊಂದು ಮನೆ ಬದಲಿಸಿಕೊಳ್ಳುವುದು ಅಂಥ ದೊಡ್ಡ ಮಾತೇನಲ್ಲ ಅನ್ನಿಸಿತ್ತು.

ಅವಳ ಗಂಡ ಶಿವನಂಜಪ್ಪ ಗೋವಿಂದಯ್ಯನ ಎರಡನೆಯ ಮಗ. ಹೊಗೆಸೊಪ್ಪಿನ ಬೇಲು ಕಟ್ಟಿಸಿ ಡಿಪೋಗೆ ಸಾಗಿಸುವುದು ಅವನ ಕೆಲಸವೆಂದು ಮನೆಯವರು ನಂಬಿದ್ದರು. ಅವನು ನಂಬಿರಲಿಲ್ಲ. ಅವನ ಪ್ರಾಣವೆಲ್ಲ ಮದುವೆಯಲ್ಲಿ ಮಾವ ಕೊಡಿಸಿದ ಜಾವಾ ಮೋಟಾರು ಸೈಕಲ್ಲಿನಲ್ಲಿತ್ತು. ಕೆ.ಆರ್. ನಗರದ ಕಡೆಯ ಒಣಗಿದ ಕೆರೆಯಂಗಳವಾಗಲಿ, ಎಚ್.ಡಿ. ಕೋಟೆಯ ಸಂತೆಮಾಳವಾಗಲಿ, ಎಲ್ಲಿ ನಾಲ್ಕು ಜನ ಪಡ್ಡೆಗಳು ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿ ರೇಸು ಅಂದರೋ ಅಲ್ಲಿಗೆ ಇವನು ಹಾಜರು. ಗೆದ್ದು ತಂದ ಎರಡು ಸ್ಟೀಲು ಬಿಂದಿಗೆ ಮತ್ತು ಒಂದು ಗೋಡೆ ಗಡಿಯಾರ ಮನೆಯಲ್ಲಿದ್ದವು. ಗಡಿಯಾರ ಓಡುತ್ತಿರಲಿಲ್ಲ.

"ಅದು ಯಾಕ್ ಓಡ್ಬೇಕು, ನನ್ ಮಗ ಓಡ್ತಾವ್ನಲ್ಲ" ಎನ್ನುತ್ತಿದ್ದಳು ಅವನ ತಾಯಿ ಚಿಕ್ಕಸಿದ್ದಮ್ಮ.

ಚಿಕ್ಕಸಿದ್ದಮ್ಮ ಜಾವಾವನ್ನು ಕಬ್ಬಿಣದ ಕತ್ತೆ ಎಂದೇ ಕರೆಯುತ್ತಿದ್ದಳು. ಅದು ಅಂಗಳದಲ್ಲಿ ನಿಂತಿದ್ದರೆ ಸೆರಗು ತಾಗದಂತೆ ಸುತ್ತಿ ಹೋಗುತ್ತಿದ್ದಳು. ಮಂಗಳಮ್ಮ ಸೊಸೆಯಾಗಿ ಬಂದ ಮೂರನೆಯ ದಿನ ಅತ್ತೆ ಒಲೆಯ ಮುಂದಿನಿಂದ ಎದ್ದು, ಕಂಬಕ್ಕೆ ಒರಗಿದ ಮಣೆಯ ಮೇಲೆ ಕುಳಿತಿದ್ದಳು. ಅಂದಿನಿಂದ ಅಡುಗೆಯ ಕೆಲಸವೆಲ್ಲ ಸೊಸೆಯದು. ಉಪ್ಪು ನೋಡಿ ಹುಬ್ಬು ಗಂಟಿಕ್ಕುವುದು ಅತ್ತೆಯದು. ಉಣ್ಣುವವರಿಗೇನೂ ಕೊರತೆಯಿರಲಿಲ್ಲ. ಗೋವಿಂದಯ್ಯ, ಇಬ್ಬರು ಗಂಡುಮಕ್ಕಳು, ಸೊಪ್ಪು ವಿಂಗಡಿಸಲು ಬರುವ ಹೆಣ್ಣಾಳುಗಳು. ಹಿರಿಯ ಮಗ ನಂಜಣ್ಣನ ಹೆಂಡತಿ ತವರಿಗೆ ಹೋದವಳು ವಾಪಸು ಬಂದಿರಲಿಲ್ಲ. ಯಾಕೆ ಹೋದಳೆಂದು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡರೆ ಉತ್ತರ ಗೊತ್ತಾಗುವ ಭಯವಿತ್ತು.

ಸಂಕ್ರಾಂತಿ ಕಳೆದ ವಾರ, ರೇಸುಗಳಲ್ಲಿ ಶಿವನಂಜಪ್ಪನಿಗೆ ಪರಿಚಯವಾಗಿದ್ದ ಮಂಟಯ್ಯ ಮೈಸೂರಿನಿಂದ ಬಂದ. ಅವನಿಗೆ ಅಲ್ಲಿ ಮೋಟಾರು ಸೈಕಲ್ ರಿಪೇರಿ ಅಂಗಡಿಯಿತ್ತು. ಜಗುಲಿಯ ಮೇಲೆ ಕೂತು ಕಾಫಿ ಹೀರುತ್ತ ಅವನು ಅಂದ:

"ಪಿರಿಯಾಪಟ್ಣದಿಂದಾಚೆ ಕಾಫಿತೋಟದ ಸಾವ್ಕಾರ್‌ಗಳು ಸೇರ್ಕೊಂಡು ರೇಸು ಮಡಗವ್ರೆ ಕಣ್ಲಾ ಶಿವ. ಬರೋ ತಿಂಗ್ಳು. ನೀನು ಮೊದಲ್ನೇ ಮೂರ್ ಜನದೊಳಗೆ ಬಂದ್ಬುಡು, ನನ್ನ ಎರಡ್ನೇ ಅಂಗಡೀನ ನಿನ್ ಕೈಗೇ ಬುಟ್ಬುಡ್ತೀನಿ. ಗೆದ್ದೋನು ಕುಂತವ್ನೆ ಅಂದ್ರೆ ಗಿರಾಕಿ ತಾನಾಗ್ ಬತ್ತದೆ. ಮೇಲ್ಗಡೆ ಒಂದ್ ರೂಮು ಅದೆ. ಎಂಡ್ರು ಕರ್ಕೊಂಡ್ ಬಂದಿರು."

ಲೋಟ ತೆಗೆದುಕೊಂಡು ಹೋಗಲು ಬಂದಿದ್ದ ಮಂಗಳಮ್ಮ ಬಾಗಿಲ ಮರೆಯಲ್ಲೇ ನಿಂತಳು. ಆ ರೂಮನ್ನು ಅವಳು ನೋಡಿರಲಿಲ್ಲ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಯಾವ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ, ಯಾವ ಮೂಲೆಯಲ್ಲಿ ನೀರಿನ ಕೊಳದಪ್ಪಲೆ ಎಂಬುದೆಲ್ಲ ತೀರ್ಮಾನವಾಗಿತ್ತು. ಅದರಲ್ಲಿ ಮಣೆ ಹಾಕಿ ಕೂರುವಷ್ಟು ಜಾಗವನ್ನು ಅವಳು ಎಲ್ಲಿಯೂ ಬಿಟ್ಟಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಂಜಣ್ಣ ಕೇಳಿದ:

"ಇವ್ರು ಮೈಸೂರಿಗೆ ಓಗ್ಬುಟ್ರೆ ಇಲ್ಲಿ ಮುದ್ದೆ ತಿರುವೋರು ಯಾರು?"

"ಅಕ್ಕನ್ನ ಕರ್ಕೊಂಬನ್ನಿ ಭಾವ" ಎಂದಳು ಮಂಗಳಮ್ಮ, ನಾಳೆಗೆ ನೆನೆಸಿದ್ದ ಅವರೆಕಾಳನ್ನು ಹಿತುಕುತ್ತ.

ನಂಜಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಚಿಕ್ಕಸಿದ್ದಮ್ಮ ನಿಧಾನವಾಗಿ ತಲೆಯೆತ್ತಿದಳು.

"ನೋಡ್ದೇನ್ಲಾ ನಂಜ? ನಿನ್ ತಮ್ಮನ ಎಂಡ್ರಿಗೆ ನಾಲ್ಗೆ ಮೊಳ್ತದೆ. ಇನ್ನೂ ಮೈಸೂರು ಕಂಡಿಲ್ಲ, ಅಷ್ಟೊತ್ಗೇ ಅದರ ಗಾಳಿ ಬೀಸ್ತು."

"ಅವ್ವ, ಉಣ್ಣಾಕ್ ಬುಡು" ಎಂದ ಶಿವನಂಜಪ್ಪ.

"ಉಣ್ಣಪ್ಪ. ನಾನೇನ್ ತಟ್ಟೆ ಕಿತ್ಕೊಂಡ್ನಾ? ಇನ್ ಎಷ್ಟ್ ದಿನ ನನ್ ಕೈಯ್ಯಾಗ್ ಉಂಡೀಯೋ, ಉಣ್ಣು."

ನನ್ ಕೈಯ್ಯಾಗ್ ಎಂಬ ಮಾತಿಗೆ ಮಂಗಳಮ್ಮ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಗೋವಿಂದಯ್ಯ ಇನ್ನಷ್ಟು ಸಾರಿಗೆ ತಟ್ಟೆ ಸರಿಸಿದ. ಆ ಮನೆಯ ಜಗಳಗಳಲ್ಲಿ ಅವನ ಪಾಲು ಇಷ್ಟೇ.

ಆಮೇಲಿನ ವಾರಗಳಲ್ಲಿ ಜಗುಲಿಯ ತುಂಬ ಜಾವಾದ ಕರುಳು ಬಿಚ್ಚಿಕೊಂಡಿತು. ಶಿವನಂಜಪ್ಪ ಕಾರ್ಬುರೇಟರನ್ನು ಹಳೆಯ ಪೇಪರಿನ ಮೇಲೆ ಹರಡಿಕೊಂಡು, ಪೆಟ್ರೋಲು ಇಳಿಯುವ ಸೂಜಿಮೊನೆಯಂಥ ತೂತನ್ನು ಬಾಯಲ್ಲಿ ಊದುತ್ತಿದ್ದ. ಡಬ್ಬಿಯಿಂದ ಟ್ಯಾಂಕಿಗೆ ಪೆಟ್ರೋಲು ಹಾಕುವಾಗ ಮಂಗಳಮ್ಮ ತನ್ನ ಹಳೆಯ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಹಿಡಿಯಬೇಕಿತ್ತು.

"ಒಂದ್ ಕೂದ್ಲು ಓದ್ರೂ ಉಸ್ರು ಕಟ್ಕೋತದೆ ಇದಕ್ಕೆ" ಎನ್ನುತ್ತಿದ್ದ ಅವನು.

"ಎತ್ತ ಮಗೀಗೂ ಇಷ್ಟ್ ನಾಜೂಕು ಮಾಡಾಕಿಲ್ಲ ಕಣಪ್ಪ" ಎನ್ನುತ್ತಿದ್ದಳು ತಾಯಿ ಒಳಗಿನಿಂದ. "ಮದ್ವೆಯಾಗಿ ಮೂರ್ ವರ್ಸಾಯ್ತು. ಮಗ ಎಲ್ಲದೆ? ಕತ್ತೆ ಅದೆ."

ಮಂಗಳಮ್ಮ ಬಟ್ಟೆ ಹಿಡಿದ ಕೈ ಅಲುಗಿಸುತ್ತಿರಲಿಲ್ಲ. ಅಲುಗಿದರೆ ಪೆಟ್ರೋಲು ಚೆಲ್ಲುತ್ತಿತ್ತು.

ಹೊರಡುವ ಶನಿವಾರ ಬೆಳಿಗ್ಗೆ ನಡೆದದ್ದು ಯಾರೂ ಎಣಿಸದ ಸಂಗತಿ. ಶಿವನಂಜಪ್ಪ ಒಳಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ರೊಟ್ಟಿಯ ಗಂಟು ಹಿಡಿದು ಬಾಗಿಲಿಗೆ ಬಂದ ಮಂಗಳಮ್ಮ ನೋಡುತ್ತಾಳೆ, ಅತ್ತೆ ಮಡಿಯುಟ್ಟು ಜಾವಾದ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಮಾದಪ್ಪನ ಬೆಟ್ಟದ ಧೂಳ್ತದ ಪೊಟ್ಟಣ. ದೇವರ ಗೂಡಿನಿಂದ ಅದು ಕೆಳಗಿಳಿಯಬೇಕಾದರೆ ಯಾರಿಗಾದರೂ ವಿಷಮಶೀತ ಜ್ವರವೇ ಬರಬೇಕಿತ್ತು. ಹ್ಯಾಂಡಲ್ಲಿಗೆ ಒಂದು ಗೆರೆ ಎಳೆದಳು, ದೀಪಕ್ಕೊಂದು ಬೊಟ್ಟು ಇಟ್ಟಳು. ಆಮೇಲೆ ಮಗ ಮಾಡುವುದನ್ನು ನೋಡಿ ಕಲಿತಿದ್ದಂತೆ ಟ್ಯಾಂಕಿನ ಮುಚ್ಚಳ ತಿರುಗಿಸಿ, ಆ ಬಿಳಿಯ ಬೂದಿಯನ್ನು ಚಿಟಿಕೆಯಲ್ಲಿ ಎತ್ತಿ, ಕಣ್ಣುಮುಚ್ಚಿ ಒಳಕ್ಕೆ ಉದುರಿಸಿದಳು. ಮೂರು ಸಲ.

"ಅತ್ತೆ, ಅದರೊಳಕ್ಕೆ..."

"ಏನು ಅದರೊಳಕ್ಕೆ? ದನಕ್ಕೆ ಸೀಕಾದ್ರೆ ಧೂಳ್ತ ಕದಡಿ ಕುಡಿಸಾಕಿಲ್ವಾ? ಮ್ಯಾಗೆ ಬಳುದ್ರೆ ತೊಗ್ಲು ಕಾಯ್ತದೆ. ಹೊಟ್ಟೆಗೆ ಓದ್ರೆ ಒಳಗ್ಲಿಂದ ಕಾಯ್ತದೆ."

"ಅದಕ್ಕೆ ಕಸ ಆಗಾಕಿಲ್ಲ ಅತ್ತೆ. ಅವ್ರು ಪೆಟ್ರೋಲ್‌ನೂ ಬಟ್ಟೇಲ್ ಸೋಸ್ತಾರೆ."

ಚಿಕ್ಕಸಿದ್ದಮ್ಮ ಮುಚ್ಚಳ ಬಿಗಿದು, ಸೊಸೆಯ ಕಡೆ ತಿರುಗಿದಳು.

"ಮಾದಪ್ಪನ ಧೂಳ್ತ ಕಸ ಆಯ್ತಾ ನಿನ್ಗೆ?"

ಶಿವನಂಜಪ್ಪ ಬೂಟು ಟಕಟಕ ಎನ್ನಿಸುತ್ತ ಹೊರಗೆ ಬಂದ. ತಾಯಿ ಅವನ ಹಣೆಗೂ ಒಂದು ಗೆರೆ ಎಳೆದಳು. ಅವನು ಬಗ್ಗಿ ಕಾಲು ಮುಟ್ಟಿದ. ಆ ಗಳಿಗೆಯಲ್ಲಿ ಬಾಯಿ ಬಿಡಬೇಕಾದರೆ ಮಂಗಳಮ್ಮನಿಗೆ ಇರುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕಿತ್ತು. ಹಿಂದಿನ ಸೀಟಿನಲ್ಲಿ ಒಂದು ಮಗ್ಗುಲಿಗೆ ಕೂತು ಹೊರಟಳು.

ಅವಳ ತವರು ಕಂಪಲಾಪುರ ದಾರಿಯಲ್ಲೇ ಸಿಗುವ ಊರು. ಮಧ್ಯಾಹ್ನದ ಊಟ ಅಲ್ಲಿಯೇ. ಅವಳ ತಂದೆ ದೊಡ್ಡಮಾದಯ್ಯ ಅಳಿಯನಿಗೆಂದು ಕೋಳಿ ಕುಯ್ಯಿಸಿದ್ದ.

"ತಿನ್ನಿ ಅಳೀಮಯ್ಯ. ಮೂಳೆ ಗಟ್ಟಿಯಾಯ್ತವೆ. ಅಂದ್ರೆ, ಬೀಳ್ತೀರ ಅಂತ ಅಲ್ಲ."

ಶಿವನಂಜಪ್ಪ ನಕ್ಕು ಕೈತೊಳೆದು, ರೇಸಿನ ಜಾಗ ನೋಡಿಕೊಂಡು ಬರುತ್ತೇನೆಂದು ಹೋದ. ಸಂಜೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ.

"ಸಿಮೆಂಟು ಮಾವ. ಯಾವೋ ಒಬ್ಬ ಇಂಗ್ಲಿಷ್ ದೊರೆ ಸ್ವಂತ ವಿಮಾನ ಇಳಿಸ್ಬೇಕು ಅಂತ ಮಾಡ್ಸಿದ್ದಂತೆ. ವಿಮಾನ ಬರ್ಲಿಲ್ಲ, ದೊರೆ ಓದ. ಒಂದ್ ಕಡೆ ನೆಟ್ಟಗೆ ಸಿಮೆಂಟು, ತುದೀಲಿ ತಿರುಗುದ್ರೆ ಕೆಂಪು ನೊರಜುಕಲ್ಲು. ಕೆರೆಯಂಗಳದಲ್ಲಿ ಬಿದ್ರೆ ಮಣ್ಣು ತಬ್ಕೋತದೆ. ಇದು ಅಂಗಲ್ಲ. ಅಷ್ಟುದ್ದಕ್ಕೂ ಎಕ್ಸಿಲೇಟ್ರು ಪೂರ್ತಿ ತಿರುವಿ ಬುಡೋ ಜಾಗ ನಾನ್ ಕಂಡೇ ಇಲ್ಲ."

ಆಗ ಮಂಗಳಮ್ಮ ಹೇಳಿದಳು. ಧೂಳ್ತ, ಟ್ಯಾಂಕು, ಮೂರು ಚಿಟಿಕೆ, ಎಲ್ಲ. ಅವನು ಕೂಗಾಡುತ್ತಾನೆಂದು ಎದೆ ಗಟ್ಟಿಮಾಡಿಕೊಂಡಿದ್ದಳು. ಅವನು ಎದ್ದು ಹೋಗಿ ಮುಚ್ಚಳ ತೆಗೆದು, ಒಳಗೆ ಇಣುಕಿ ನೋಡಿ, ಮುಚ್ಚಿ ಬಂದ. ಮುಖ ಅರಳಿತ್ತು.

"ನಿಜ್ವಾಗ್ಲೂ? ಅವ್ವನೇ ಆಕುದ್ಲಾ?"

"ಊಂ. ಸೋಸಿ ಆಕಣ. ಅಪ್ಪನ ತಾವ ಒಗುದ್ ಪಂಚೆ ಅದೆ."

"ಸೋಸಿ ಆ ಬಟ್ಟೆ ಎಲ್ಲ್ ಒಗೀತೀಯ? ಮೂರ್ ವರ್ಸದಾಗೆ ಅವ್ವ ಈ ಗಾಡಿ ಮುಟ್ಟಿದ್ದು ಇವತ್ತೇ. ಅದನ್ನ ತಕ್ಕೊಂಡೋಗಿ ತಿಪ್ಪೆಗೆ ಚೆಲ್ಲು ಅಂತೀಯಾ?"

"ನೀವೇ ಏಳಿದ್ರಲ್ಲ, ಒಂದ್ ಕೂದ್ಲು ಓದ್ರೂ..."

"ಉಣಸೂರಿಂದ ಇಲ್ಲೀಗಂಟ ಬಂತು. ಅಲ್ಲೀಗಂಟ ಓಗಿ ವಾಪಸ್ ಬಂತು. ಏನಾರ ಆಯ್ತಾ? ಕೆಳಗೆ ಜಾಲ್ರಿ ಅದೆ, ತಡೀತದೆ. ಮಂಗ್ಳಾ, ಓಡೋಕ್ ಮುಂಚೆ ನನ್ ತಲೆ ಕೆಡಿಸ್ಬ್ಯಾಡ."

ದೊಡ್ಡಮಾದಯ್ಯ ಕೈಯಲ್ಲಿ ಹಿಡಿದಿದ್ದ ಪಂಚೆಯನ್ನು ಮತ್ತೆ ಮಡಿಸಿಟ್ಟ.

ಭಾನುವಾರ ತಂದೆ ಮಗಳು ಬಸ್ಸಿನಲ್ಲಿ ಹೋಗಿ, ಒಂದಷ್ಟು ದೂರ ನಡೆದು, ಆ ಬಯಲು ಸೇರಿದರು. ತೋಟದ ಸಾಹುಕಾರರು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಕೂಲಿಯವರು ಹಗ್ಗದಾಚೆ ಬಿಸಿಲಲ್ಲಿದ್ದರು. ಮೈಕು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿ, ಕನ್ನಡದಲ್ಲಿ "ಹಗ್ಗ ದಾಟಬೇಡಿ" ಎಂದಷ್ಟೇ ಹೇಳಿತು. ಮಂಟಯ್ಯ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಮಂಗಳಮ್ಮನನ್ನು ಕಂಡು, "ಏನವ್ವ, ರೂಮಿಗೆ ಸುಣ್ಣ ಒಡಿಸವ್ನಿ" ಎಂದು ಹೇಳಿ ಹೋದ.

ಮೊದಲ ಸುತ್ತಿನಲ್ಲಿ ಶಿವನಂಜಪ್ಪ ಹಿಂದೆ ಬಿದ್ದಿದ್ದ. ಸಿಮೆಂಟಿನ ಮೇಲೆ ತೋಟದ ಹುಡುಗರ ದೊಡ್ಡ ಗಾಡಿಗಳು ಗುಡುಗುತ್ತ ಮುಂದೆ ಹೋಗುತ್ತಿದ್ದವು. ನೊರಜುಕಲ್ಲಿನ ತಿರುವಿನಲ್ಲಿ ಮಾತ್ರ ಇವನು ಒಂದು ಕಾಲನ್ನು ನೆಲಕ್ಕೆ ತೇಯುತ್ತ, ಕೆರೆಯಂಗಳದಲ್ಲಿ ಕಲಿತಂತೆ ಹಿಂದಿನ ಚಕ್ರ ಜಾರಿಸಿ ಒಬ್ಬೊಬ್ಬರನ್ನೇ ದಾಟಿದ. ಹಗ್ಗದಾಚೆಯವರು ಶಿಳ್ಳೆ ಹೊಡೆದರು. ಅರ್ಧ ರೇಸು ಮುಗಿಯುವ ಹೊತ್ತಿಗೆ ಅವನು ಮೂರನೆಯವನು.

"ಮೂರೇ ಅಲ್ವೇನವ್ವ ಅವ್ರು ಏಳಿದ್ದು?" ಎಂದ ದೊಡ್ಡಮಾದಯ್ಯ.

"ಊಂ ಅಪ್ಪ. ಮೂರು."

ಅವನು ಸಿಮೆಂಟಿನ ಪಟ್ಟಿಗೆ ಬಂದ. ಎರಡನೆಯವನನ್ನು ಹಿಡಿಯಲು ಹೊಟ್ಟೆ ಟ್ಯಾಂಕಿಗೆ ಒತ್ತಿ, ಎಕ್ಸಿಲೇಟರನ್ನು ಪೂರ್ತಿ ತಿರುವಿ ಹಿಡಿದ. ಜಾವಾದ ದನಿ ಒಮ್ಮೆಲೇ ಸಣ್ಣಗಾಯಿತು. ಅಂಗಳದಲ್ಲಿ ಬಟ್ಟೆ ಹಿಡಿದು ನಿಂತು ನಿಂತು ಆ ದನಿಯ ಪರಿಚಯವಿದ್ದ ಮಂಗಳಮ್ಮ ತಂದೆಯ ತೋಳು ಹಿಡಿದಳು. ಪೆಟ್ರೋಲು ಸಾಲದ ಇಂಜಿನ್ನು ಕಾದು ಕಚ್ಚಿಕೊಂಡಿತು. ಹಿಂದಿನ ಚಕ್ರ ತಿರುಗುವುದನ್ನೇ ಬಿಟ್ಟಿತು. ಗಾಡಿ ಒಂದು ಕಡೆಗೆ, ಅವನು ಇನ್ನೊಂದು ಕಡೆಗೆ ಹೋದರು.

"ಐದನೇ ನಂಬರಿನ ಗಾಡಿ ಬಿದ್ದಿದೆ" ಎಂದಿತು ಮೈಕು. ರೇಸು ನಿಲ್ಲಲಿಲ್ಲ.

ಜೀಪು ಬರುವವರೆಗೆ ಅವನು ಸಿಮೆಂಟಿನಾಚೆಯ ಕೆಂಪು ನೆಲದ ಮೇಲೆ ಮಲಗಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಮಂಟಯ್ಯ ಅವನನ್ನು ಒಮ್ಮೆ ನೋಡಿ, ನೇರ ಜಾವಾದ ಬಳಿ ಕೂತು ಕಾರ್ಬುರೇಟರು ಬಿಚ್ಚಿದ. ಸಣ್ಣ ತೂತನ್ನು ಬೆರಳ ಮೇಲೆ ತಟ್ಟಿಕೊಂಡ. ಬೆರಳ ತುದಿಯಲ್ಲಿ ಬೂದುಬಣ್ಣದ ಕೆಸರು.

"ಯಾವೋನ್ಲಾ ಇದಕ್ಕೆ ಬೂದಿ ಆಕುದ್ದು?"

ಹಗ್ಗ ದಾಟಿ ಓಡಿ ಬಂದಿದ್ದ ಮಂಗಳಮ್ಮ ಗಂಡನನ್ನು ನೋಡಿದಳು. ಅವನೂ ಅವಳನ್ನು ನೋಡಿದ.

"ಹಾದಿ ಧೂಳಿರ್ಬೇಕು ಕಣಣ್ಣ" ಎಂದು ಕಣ್ಣುಮುಚ್ಚಿಕೊಂಡ.

ಮೈಸೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಕಾಲಿಗೆ ಪ್ಲಾಸ್ಟರಿನ ಬಿಳಿಯ ಪಟ್ಟು ಹಾಕಿಸಿಕೊಂಡು ಮನೆಗೆ ಬಂದಾಗ ಜಗುಲಿಯ ಮೇಲೆ ಅವನಿಗೆ ಮಂಚ ಸಿದ್ಧವಾಗಿತ್ತು. ನೋಡಲು ಬಂದವರಿಗೆಲ್ಲ ಹೇಳಲು ಚಿಕ್ಕಸಿದ್ದಮ್ಮನ ಬಳಿ ಕಥೆಯೂ ಸಿದ್ಧವಾಗಿತ್ತು.

"ಜೀವ ಉಳಿದದ್ದು ಧೂಳ್ತದಿಂದ ಕಣ್ರವ್ವ. ನಾನ್ ಆಕ್ದೆ ಇದ್ದಿದ್ರೆ ಎಣಾನೇ ಬತ್ತಿತ್ತು."

"ಮತ್ತೆ ಬಿದ್ದದ್ದು ಎಂಗೆ?" ಎಂದು ಯಾರಾದರೂ ಕೇಳಿದರೆ ಅವಳು ದನಿ ತಗ್ಗಿಸಿ, ಆದರೆ ಅಡುಗೆಮನೆಗೆ ಕೇಳಿಸುವಷ್ಟು ತಗ್ಗಿಸಿ ಹೇಳುತ್ತಿದ್ದಳು:

"ಧೂಳ್ತನ ಕಸ ಅಂದವ್ಳು ಮನೆಯಾಗೇ ಅವ್ಳಲ್ಲ. ಮಾದಪ್ಪ ಕೇಳುಸ್ಕೊಂಡ."

ಹೀಗೆ ಬಿದ್ದದ್ದು ಸೊಸೆಯಿಂದ, ಉಳಿದದ್ದು ಅತ್ತೆಯಿಂದ ಎಂದು ಊರು ಪಾಲು ಮಾಡಿಕೊಂಡಿತು. ತಪ್ಪುಕಾಣಿಕೆಯೆಂದು ಮಂಗಳಮ್ಮ ಸೋಮವಾರಗಳಲ್ಲಿ ಒಪ್ಪೊತ್ತು ಇರಬೇಕೆಂದು ಚಿಕ್ಕಸಿದ್ದಮ್ಮ ಹರಕೆ ಹೊತ್ತಳು. ಹರಕೆ ಹೊತ್ತವಳು ಅತ್ತೆ, ಹಸಿದವಳು ಸೊಸೆ. ಸೋಮವಾರವೂ ಉಳಿದವರಿಗೆ ಮೂರು ಹೊತ್ತು ಬೇಯಿಸಬೇಕಿತ್ತು.

ಮೂರನೆಯ ಸೋಮವಾರ ಮಂಗಳಮ್ಮ ಸಾರಿನ ಸೌಟನ್ನು ಕೈಯಲ್ಲೇ ಹಿಡಿದು ಜಗುಲಿಗೆ ಬಂದಳು. ಮನೆಯವರೆಲ್ಲ ಅಲ್ಲೇ ಇದ್ದರು.

"ನೀವೇ ಏಳಿ. ಆ ಬೂದಿ ಎಲ್ಲಿತ್ತು? ಮಂಟಯ್ನೋರ್ ಬೆರಳ ಮ್ಯಾಗೆ ನೀವೂ ನೋಡುದ್ರಲ್ಲ. ಸೋಸಿ ಅಂತ ನಾನ್ ಏಳ್ನಿಲ್ವಾ?"

ಶಿವನಂಜಪ್ಪ ಸೂರಿನ ತೊಲೆ ನೋಡಿದ.

"ಯಾವ್ ಬೂದಿ ಕಣ್ಲಾ?" ಎಂದಳು ತಾಯಿ.

"ಏನಿಲ್ಲ ಅವ್ವ. ಹಾದಿ ಧೂಳು." ಹೆಂಡತಿಗೆ ಮೆಲ್ಲಗೆ, "ಒಳಕ್ ಓಗಮ್ಮಿ. ದೊಡ್ಡೋರ್ ಬಾಯಿಗ್ ಯಾಕ್ ಬೀಳ್ತೀಯ."

"ಸಾರು ಉಕ್ತಾ ಅದೆ ನೋಡವ್ವ" ಎಂದ ಗೋವಿಂದಯ್ಯ.

ಉಗಾದಿ ಹತ್ತಿರ ಬಂದಾಗ ಮಂಟಯ್ಯ ಮತ್ತೆ ಬಂದ. ಮಂಗಳಮ್ಮನಿಗೆ ಅವನ ಟೋಪಿ ಕಂಡೊಡನೆ ಕೈಕಾಲು ಚುರುಕಾದವು. ಲೋಟದ ತುಂಬ ಕಾಫಿ ಹಾಕಿದಳು.

"ರೇಸು ಬುಟ್ಟಾಕು ಶಿವ. ಓಡ್ಸೋಕ್ ಬ್ಯಾರೆ ಹುಡುಗ್ರವ್ರೆ. ನೀನು ಆ ತಿರುವಿನಾಗೆ ಅವ್ರನ್ನೆಲ್ಲ ದಾಟಿದ್ದ ಜನ ಇನ್ನೂ ಆಡ್ಕೋತಾವ್ರೆ. ಕುಂತ್ಕೊಂಡು ಇಂಜಿನ್ ಕೆಲ್ಸ ನೋಡ್ಕೊ. ಅಂಗಡಿ ನಿಂದೇ. ರೂಮು ಅಂಗೇ ಮಡಗಿವ್ನಿ."

ಅವನು ಹೋದ ಮೇಲೆ ಮೊದಲು ಮಾತಾಡಿದವಳು ಚಿಕ್ಕಸಿದ್ದಮ್ಮ.

"ಓಗ್ಬೇಕು. ಬಂದ ಲಕ್ಷ್ಮೀನ ಒದೀಬಾರ್ದು. ನಾನೇ ಕರ್ಕೊಂಡ್ ಓಯ್ತೀನಿ."

"ನೀನಾ?" ಎಂದ ನಂಜಣ್ಣ.

"ಮತ್ತಿನ್ಯಾರು? ಪಟ್ಟು ಬಿಚ್ಚಿದ್ ಮ್ಯಾಲೆ ಕಾಲಿಗೆ ಎಣ್ಣೆ ನೀವ್ಬೇಕು. ಪಥ್ಯ ಮಾಡ್ಬೇಕು. ನನ್ ಕೈ ಅಡುಗೆ ಉಂಡು ಬೆಳೆದ ಮೈ ಅದು. ಇವ್ಳ ಕೈಗೆ ಕೊಟ್ರೆ ಇನ್ನೊಂದ್ ಕಾಲೂ ಓಯ್ತದೆ."

"ಅತ್ತೆ, ರೂಮು ನಮ್ಗೆ ಅಂತ ಅವ್ರು..." ಮಂಗಳಮ್ಮ ಗಂಡನ ಕಡೆ ತಿರುಗಿದಳು. "ಏನೂಂದ್ರೆ, ಏಳಿ."

ಶಿವನಂಜಪ್ಪ ಪಟ್ಟಿನ ಅಂಚನ್ನು ಉಗುರಿನಿಂದ ಕೆರೆದ.

"ಒಂದ್ ಆರ್ ತಿಂಗ್ಳು ಅಷ್ಟೇ ಕಣಮ್ಮಿ. ಅವ್ವನ ಕೈಯಾದ್ರೆ ಬೇಗ ವಾಸಿ ಆಯ್ತದೆ. ಇಲ್ಲಿ ಅಪ್ಪ, ಅಣ್ಣ, ಆಳ್ಗಳು ಉಪಾಸ ಬೀಳಾಕಾಯ್ತದಾ?"

"ಆರ್ ತಿಂಗ್ಳು ಅಂತ ಯಾಕ್ ಗಡುವು ಆಕ್ತೀಯ" ಎಂದಳು ತಾಯಿ. "ನೋಡಾನ."

ದೊಡ್ಡಮಾದಯ್ಯ ಮಗಳ ಹೊಸ ಮನೆಗೆಂದು ಹಿತ್ತಾಳೆ ಪಾತ್ರೆಗಳನ್ನೂ ಒಂದು ಸೀಮೆಎಣ್ಣೆ ಸ್ಟೌವನ್ನೂ ಕಳಿಸಿಕೊಟ್ಟ. ರೂಮಿಗೆ ಹೋಗುವವರು ಬೇರೆಯೆಂದು ಅವನಿಗೆ ತಿಳಿಸಲು ಮಂಗಳಮ್ಮನಿಗೆ ನಾಚಿಕೆಯಾಗಿತ್ತು. ಹೊರಡುವ ದಿನ ಅವನ್ನೆಲ್ಲ ಒಣಹುಲ್ಲು ಸುತ್ತಿ ಗೋಣಿಚೀಲಕ್ಕೆ ತುಂಬಿದವಳು ಅವಳೇ. ವ್ಯಾನು ಬಾಗಿಲಲ್ಲಿ ನಿಂತಿತ್ತು.

"ಅಮ್ಮಿ, ಈ ಸ್ಟೌ ಅಚ್ಚೋದ್ ಎಂಗೆ ಅಂತ ಒಂಚೂರ್ ತೋರ್ಸ್‌ಕೊಡು" ಎಂದಳು ಚಿಕ್ಕಸಿದ್ದಮ್ಮ. ಆ ದಿನ ಅವಳ ದನಿಯಲ್ಲಿ ಎಂದೂ ಇಲ್ಲದ ಅಕ್ಕರೆಯಿತ್ತು.

ಮಂಗಳಮ್ಮ ಕುಕ್ಕರಗಾಲಲ್ಲಿ ಕೂತು ತೋರಿಸಿಕೊಟ್ಟಳು. ಎಣ್ಣೆ ಎಲ್ಲಿ ಹಾಕುವುದು, ಬತ್ತಿ ಎಷ್ಟು ಏರಿಸುವುದು, ಮಸಿ ಕಟ್ಟಿದರೆ ಏನು ಮಾಡುವುದು. ಅತ್ತೆಗೆ ಎರಡನೆಯ ಸಲಕ್ಕೆ ಬಂತು.

"ಉಸಾರು" ಎಂದ ಶಿವನಂಜಪ್ಪ ವ್ಯಾನಿನೊಳಗಿನಿಂದ. "ಮನೆಯೆಲ್ಲ ಇನ್ ನಿಂದೇ ಕಣಮ್ಮಿ" ಎಂದಳು ಅವನ ಪಕ್ಕದಲ್ಲಿದ್ದ ತಾಯಿ.

ಆ ಸಂಜೆ ಮಂಗಳಮ್ಮ ಅವರೆಕಾಳಿನ ಸಾರು ಮಾಡಿ ಮುದ್ದೆ ತಿರುವಿದಳು. ಮಾವನಿಗೂ ಭಾವನಿಗೂ ಬಡಿಸಿ ಕಂಬದ ಬಳಿ ನಿಂತಳು. ಗೋವಿಂದಯ್ಯ ಎಂದಿನಂತೆ ಉಂಡ. ನಂಜಣ್ಣ ಒಂದು ತುತ್ತು ನುಂಗಿ, ತಟ್ಟೆಯನ್ನೇ ನೋಡುತ್ತ ಕೂತ.

"ಏನೇ ಏಳು ಅಪ್ಪ" ಎಂದ, "ಅವ್ವನ ಕೈ ರುಚಿ ಬರಾಕಿಲ್ಲ ಬುಡು."

ಗೋವಿಂದಯ್ಯ ಹೌದೆಂದು ತಲೆಯಾಡಿಸಿದ. ಮಂಗಳಮ್ಮ ಬಗ್ಗಿ ನಂಜಣ್ಣನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ಬೇಡವೆನ್ನಲಿಲ್ಲ.